ಹತ್ತನೇ ಟೇಕ್

ಮೂವತ್ತು ವರ್ಷ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸಿದವನು ನಾನು. ಬೆರಳು ತಂತಿಯ ಮೇಲೆ ಜಾರುವಾಗ ಏಳುವ ಕಿರ್ರೆನ್ನುವ ಸದ್ದಿಗೆ ಎಷ್ಟು ಬೈಸಿಕೊಂಡಿದ್ದೇನೆಂದರೆ, ಈಗಲೂ ಕನಸಿನಲ್ಲಿ ಅದು ಕೇಳಿದರೆ ಎದ್ದು ಕೂರುತ್ತೇನೆ.

ಎರಡು ವರ್ಷ ಕೆಲಸವಿಲ್ಲದೆ ಕೂತ ಮೇಲೆ ಒಂದು ಕರೆ ಬಂದಿತ್ತು. ಪೂರ್ತಿ ಕಂಪ್ಯೂಟರಿನಲ್ಲೇ ಕಟ್ಟಿದ ಹಾಡು, ನಡುವೆ ಒಂದು ಚಿಕ್ಕ ಗಿಟಾರ್ ತುಣುಕು ಬೇಕಂತೆ. ಮೊದಲ ಟೇಕಿನಲ್ಲೇ ಆ ಹಾಳು ಸದ್ದು ಎರಡು ಸಲ ಬಂತು. ಹಾಡು ಕಟ್ಟಿದ ಪ್ರೋಗ್ರಾಮರ್ ಹುಡುಗಿ ತಲೆಯೆತ್ತಿ ನೋಡಿದಳು.

"ಈ ಟೇಕನ್ನೇ ಅಳಿಸಿಬಿಡಮ್ಮ" ಎಂದೆ.

"ಇರ್ಲಿ ಬಿಡಿ ಸರ್, ಪರವಾಗಿಲ್ಲ."

"ಪರವಾಗಿಲ್ಲ ಅನ್ನೋ ಕೆಲಸ ನಾನು ಮಾಡಲ್ಲ. ಅಳಿಸು."

ಅಳಿಸಿದಳು. ನಾನು ತಂತಿ ಒರೆಸಿ, ಬೆರಳಿಗೆ ಪೌಡರ್ ಹಚ್ಚಿಕೊಂಡೆ. ಎರಡನೇ ಟೇಕ್ ನುಣುಪಾಗಿ ಬಂತು. "ಇನ್ನೊಂದು ತಗೊಳ್ಳೋಣ ಸರ್" ಎಂದಳು. ಮೂರನೆಯದು ಇನ್ನೂ ನುಣುಪು. ಮತ್ತೆ ಅದೇ ಮಾತು. ಹತ್ತನೆಯದು ಮುಗಿಯುವಷ್ಟರಲ್ಲಿ ಬೆರಳ ತುದಿಯೂ ಉರಿಯುತ್ತಿತ್ತು, ಮೈಯೂ ಉರಿಯುತ್ತಿತ್ತು.

"ಯಾವ ಸ್ವರ ತಪ್ಪಿದೆ, ಹೇಳಮ್ಮ. ನಾನೇನು ನಿನ್ನೆ ಗಿಟಾರ್ ಹಿಡಿದವನಾ?"

"ಸ್ವರ ತಪ್ಪಿಲ್ಲ ಸರ್. ನಿಮ್ಮಂಥ ಹಿರಿಯರಿಗೆ ಹೇಗೆ ಹೇಳೋದು ಅಂತ... ಬೇಜಾರು ಮಾಡ್ಕೋಬೇಡಿ."

"ಹೇಳು."

ಅವಳು ಒಂದು ಗುಂಡಿ ಒತ್ತಿದಳು. ನನ್ನ ಗಿಟಾರ್ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಸ್ಪೀಕರಿನಲ್ಲಿ ಮಾತ್ರ ಅದೇ ಗಿಟಾರ್ ತುಣುಕು, ಒಂದು ಸ್ವರವೂ ಆಚೀಚೆ ಆಗದೆ ಕೇಳಿಬಂತು.

"ಇದು ಕಂಪ್ಯೂಟರ್ ನುಡಿಸಿದ್ದು ಸರ್. ಮನುಷ್ಯ ನುಡಿಸಿದ ಹಾಗೆ ಕೇಳಿಸ್ಲಿ ಅಂತ ನಿಮ್ಮನ್ನ ಕರೆಸಿದ್ದು, ಆ ಕಿರ್ ಸದ್ದಿಗೆ ಮಾತ್ರ."