ಹಣೆಗೊಂದು ಹಣೆ

"ಅಜ್ಜಿ, ಕೊನೇ ಸಲ ಅತ್ತಿದ್ದು ಯಾವಾಗ?" ಎಂದು ಕೇಳಿ ಜಿನ್ಮಲ್ಲಿ ಪೆನ್ನು ಹಿಡಿದು ಕಾದಳು. ಮನಸ್ಸಿನ ಕಾಯಿಲೆಗಳ ಸಂಶೋಧನೆಗೆಂದು ಅವಳು ನೀಲಗಿರಿ ಬೆಟ್ಟದ ತನ್ನದೇ ತೋಡರ ಹಟ್ಟಿಗೆ ಬಂದಿದ್ದಳು. ಕೊರೋನಾ ಸೋಂಕಿನ ವರ್ಷ ಮಗನನ್ನು ಕಳೆದುಕೊಂಡ ಪಿಲ್ಜಿನಜ್ಜಿ ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ, ನಿದ್ದೆ ಮಾಡಿರಲಿಲ್ಲ.

"ನೀನು ನಮ್ಮವಳೇ ತಾನೆ? ಒಬ್ಬಳೇ ಹೇಗೆ ಅಳೋದೇ? ಹಣೆಗೊಂದು ಹಣೆ ಬೇಕಲ್ಲ. ಆಗ ಯಾರೂ ಹತ್ತಿರ ಬರಬಾರದು ಅಂದ್ರು."

ಸಾವಿನ ಮನೆಯಲ್ಲಿ ಇಬ್ಬಿಬ್ಬರು ಹಣೆಗೆ ಹಣೆ ಒತ್ತಿ ಅಳುವುದನ್ನು ಜಿನ್ಮಲ್ಲಿ ಚಿಕ್ಕಂದಿನಿಂದ ಕಂಡಿದ್ದಳು. ಪೆನ್ನು ಕೆಳಗಿಟ್ಟು, ಬಾಗಿ, ಅಜ್ಜಿಯ ಹಣೆಗೆ ತನ್ನ ಹಣೆ ಒತ್ತಿದಳು.

ಅಜ್ಜಿಯ ಒಡಲಾಳದಿಂದ ಅಳು ಎದ್ದು ಬಂತು. ಮರುಕ್ಷಣವೇ ಜಿನ್ಮಲ್ಲಿಯ ಬೆನ್ನ ಹಿಂದೆಯೂ ಅಳು ಕೇಳಿಸಿತು. ಇಷ್ಟು ಹೊತ್ತು ಅವಳನ್ನು "ಡಾಕ್ಟ್ರಮ್ಮಾ" ಎಂದು ರೇಗಿಸುತ್ತ ಅಂಗಳದಲ್ಲಿ ಕಸೂತಿ ಹಾಕುತ್ತಿದ್ದ ಹೆಂಗಸರೆಲ್ಲ ಸೂಜಿ ಬಿಟ್ಟು, ಇಬ್ಬಿಬ್ಬರಾಗಿ ಹಣೆ ಕೂಡಿಸಿದ್ದರು.