ಬರೆಯದೆ ಬಿಟ್ಟದ್ದು

ಗುಣಮಟ್ಟ ತಪಾಸಣೆಯ ನಿಯಮಗಳು ಬದಲಾದದ್ದರಿಂದ, ಆಡಿಟರ್ ಆಗಿ ಉಳಿಯಲು ವಾರಿಜಾ ಮತ್ತೊಮ್ಮೆ ಪರೀಕ್ಷೆ ಎದುರಿಸಬೇಕಾಯಿತು. ಅವಳು ಕುಕ್ಕರ್ ಕಾರ್ಖಾನೆಯೊಂದನ್ನು ತಪಾಸಣೆ ಮಾಡಬೇಕು. ಜೊತೆಗಿದ್ದು ನೋಡಿ ತೀರ್ಪು ಕೊಡುವವರು ಅವಳಿಗೆ ಕೆಲಸ ಕಲಿಸಿದ ಪಟ್ಟಾಭಿರಾಯರು. ಕಾರ್ಖಾನೆಯನ್ನು ಆರಿಸಿದವರೂ ಅವರೇ.

ಸೇಫ್ಟಿ ವಾಲ್ವ್ ಪರೀಕ್ಷಿಸುವ ಒತ್ತಡ ಮಾಪಕದ ಮುಳ್ಳು, ಯಂತ್ರ ನಿಲ್ಲಿಸಿದರೂ ಸೊನ್ನೆಗೆ ಇಳಿಯಲಿಲ್ಲ.

"ಇದು ಕೆಟ್ಟಿದೆಯಲ್ರೀ?" ಎಂದಳು.

"ಹೋದ ವರ್ಷವೂ ಹೀಗೇ ಇತ್ತು ಮೇಡಂ. ಈ ಸಾಹೇಬ್ರೇ ನೋಡಿ ಪಾಸ್ ಮಾಡಿದ್ರಲ್ಲ!" ಕಾರ್ಖಾನೆಯ ಮ್ಯಾನೇಜರ್ ರಾಯರತ್ತ ಕೈ ತೋರಿಸಿ ನಕ್ಕ.

ರಾಯರು ತಲೆ ತಗ್ಗಿಸಿ ಕನ್ನಡಕ ಒರೆಸತೊಡಗಿದರು. ಕೆಲಸಕ್ಕೆ ಸೇರಿದ ದಿನ ಹೆದರಿ ಕೂತಿದ್ದ ವಾರಿಜಾಳಿಗೆ ತಮ್ಮ ಕಾಫಿಯಲ್ಲೇ ಅರ್ಧ ಬಗ್ಗಿಸಿ ಕೊಟ್ಟಿದ್ದ ಕೈ ಅದು. ಅವಳು ಪೆನ್ನಿಗೆ ಮುಚ್ಚಳ ಹಾಕಿ, ಏನೂ ಬರೆಯದೆ ಮುಂದೆ ಹೋದಳು.

ಸಂಜೆ ಗೇಟಿನ ಬಳಿ ರಾಯರು, "ನಿನ್ನನ್ನ ಪಾಸ್ ಮಾಡೋಕಾಗಲ್ಲಮ್ಮ," ಎಂದರು.

"ನಿಮ್ಮ ಮರ್ಯಾದೆ ಹೋಗಬಾರದು ಅಂತ ಸುಮ್ಮನಾದೆ ಸಾರ್."

"ಗೊತ್ತು. ಹೋದ ವರ್ಷ ನಾನು ಆ ಮಾಪಕ ಪಾಸ್ ಮಾಡಿದ ಮೇಲೆ ಯಾರದೋ ಅಡುಗೆಮನೇಲಿ ಇಲ್ಲಿನ ಕುಕ್ಕರ್ ಸಿಡೀತು. ನಿನ್ನ ಕೈಲಾದ್ರೂ ನನ್ನ ತಪ್ಪು ಬರೆಸೋಣ ಅಂತಲೇ ಇಲ್ಲಿಗೆ ಕರ್ಕೊಂಡು ಬಂದೆ."