ಕಡ ತಂದ ಸ್ಯಾಂಪಲ್

ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದ ದಾಕ್ಷಾಯಿಣಿಗೆ ರಕ್ತ ಕಂಡರೆ ಹೆದರಿಕೆಯಿರಲಿಲ್ಲ. ಅವತ್ತು ಅವಳನ್ನು ಕಂಗೆಡಿಸಿದ್ದು ಮಲಬದ್ಧತೆ. ಮಲಪರೀಕ್ಷೆಯ ಪ್ರಾಕ್ಟಿಕಲ್‌ಗೆ ಪ್ರತಿಯೊಬ್ಬರೂ ತಮ್ಮದನ್ನೇ ತರಬೇಕು, ತರದವರಿಗೆ ಅಂಕವಿಲ್ಲ ಎಂದು ದೇಸಾಯಿ ಸರ್ ಕಟ್ಟುನಿಟ್ಟಾಗಿ ಹೇಳಿದ್ದರು. ಬಿಸಿನೀರು, ಬಾಳೆಹಣ್ಣು, ದೇವರಿಗೆ ಹೊತ್ತ ಹರಕೆ, ಯಾವುದೂ ಫಲಿಸಲಿಲ್ಲ.

ಕಾಲೇಜಿನ ಗೇಟಿನಲ್ಲಿ ಅಳುಮೋರೆ ಹಾಕಿಕೊಂಡು ನಿಂತಿದ್ದವಳಿಗೆ ಗೆಳತಿ ಅನ್ನಪೂರ್ಣಾ ತನ್ನ ಡಬ್ಬಿ ತೋರಿಸಿದಳು.

"ಅಷ್ಟಕ್ಕ ಯಾಕ ಅಳ್ತೀ? ನನ್ನ ಕಡೆ ಭಾಳ ಐತಿ, ಅರ್ಧ ತಗೋ."

ದಾಕ್ಷಾಯಿಣಿ ಮೂಗು ಮುಚ್ಚಿಕೊಂಡೇ ಅವಳಿಗೆ ಕೈಮುಗಿದಳು.

ಲ್ಯಾಬಿನಲ್ಲಿ ದಾಕ್ಷಾಯಿಣಿಯ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಸರ್ ಹೌಹಾರಿದರು.

"ಬರ್ರಿ, ಎಲ್ಲಾರೂ ನೋಡ್ರಿ! ಜಂತುಹುಳದ ತತ್ತಿ ಸಂತಿ ಕೂಡಿಧಂಗ ಕೂಡ್ಯಾವ!" ಆಮೇಲೆ ಅವಳತ್ತ ತಿರುಗಿದರು. "ಏನವಾ, ಉಣ್ಣೂಕಿಂತ ಮೊದಲ ಕೈ ತೊಳಿಯೂದು ನಿಮ್ಮವ್ವ ಕಲಿಸಿಲ್ಲೇನು? ಎಂಥಾ ಹೊಲಸು ಮನ್ಯಾಗ ಬೆಳದೀ?"

ತರಗತಿ ಕಿಸಕ್ಕನೆ ನಕ್ಕಿತು. ತನ್ನನ್ನು ಅಂದಿದ್ದರೆ ದಾಕ್ಷಾಯಿಣಿ ನುಂಗಿಕೊಳ್ಳುತ್ತಿದ್ದಳೇನೋ, ಅವ್ವನನ್ನು ಅಂದದ್ದು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಅನ್ನಪೂರ್ಣಾಳ ತೋಳು ಚಿವುಟಿದಳು.

"ನಿನ್ನ ಹೊಟ್ಟ್ಯಾಗಿನ ಹುಳಕ್ಕ ನಮ್ಮವ್ವ ಯಾಕ ಬೈಸ್ಕೋಬೇಕು? ಎದ್ದು ನಿಂತು ನಂದಂತ ಹೇಳು."

"ನಂದಾಗಿದ್ರ ಹೇಳ್ತಿದ್ನೆಲೇ," ಅನ್ನಪೂರ್ಣಾ ತಲೆ ತಗ್ಗಿಸಿ ಪಿಸುಗುಟ್ಟಿದಳು. "ನನಗೂ ಬಂದಿರ್ಲಿಲ್ಲ. ನಾ ಬಾಡಿಗಿ ಇರೂದು ಸರ್ ಮನಿ ಮಾಳಿಗಿ ಮ್ಯಾಲೆ. ಇದು ಅವರ ಸಣ್ಣ ಮಗಂದು."